ಸೂಜಿಯ ಮೊನೆ, ಅಮ್ಮನ ಮಡಿಲು

ಹೋದ ವರ್ಷ ಮೊಮ್ಮಗಳಿಗೆ ಆರು ವಾರ ತುಂಬಿದ ಗುರುವಾರ ಬೆಳಿಗ್ಗೆ, ಮಗ, ಸೊಸೆ, ನಾನು ಮೂವರೂ ಮಗುವನ್ನೆತ್ತಿಕೊಂಡು ಕೆಂಗೇರಿ ಉಪನಗರದ ನಮ್ಮ ಮನೆಯಿಂದ ಹತ್ತಿರದ ಅಂಗನವಾಡಿಗೆ ಹೊರಟೆವು. ಗುರುವಾರವೆಂದರೆ ನಮ್ಮ ರಾಜ್ಯದಲ್ಲಿ ಲಸಿಕೆಯ ದಿನ. ನನ್ನ ಚೀಲದಲ್ಲಿ ತಾಯಿ ಕಾರ್ಡು, ಮಗುವಿನ ಎರಡು ಜೊತೆ ಬಟ್ಟೆ, ಹಳೆಯ ಹತ್ತಿ ಸೀರೆಯ ಒಂದು ತುಂಡು ಇದ್ದವು. ಗೇಟಿನ ಬಳಿ ಬರುತ್ತಿದ್ದಂತೆ ಒಳಗಿನಿಂದ ಯಾವುದೋ ಮಗು ಕಿಟಾರನೆ ಕಿರುಚಿದ್ದು ಕೇಳಿಸಿತು. ಮಗ ನಿಂತುಬಿಟ್ಟ.

"ನೀವಿಬ್ರೂ ಒಳಗೆ ಹೋಗ್ಬನ್ನಿ. ನಾನಿಲ್ಲೇ ಇರ್ತೀನಿ" ಎಂದ. ಹಣೆಯಲ್ಲಿ ಬೆವರಿತ್ತು.

ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ. ಅವನು ಹಾಗೆ ಗೇಟಿನ ಹೊರಗೆ ನಿಲ್ಲುವುದಕ್ಕೆ ಕಾರಣ ನಾನು. ಆ ಕಥೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನನ್ನ ತೋಳಿನ ಕಥೆಯಿಂದ ಆರಂಭಿಸಬೇಕು.

ನನ್ನ ವಯಸ್ಸಿನ ಹೆಂಗಸರೆಲ್ಲ ರವಿಕೆಯ ತೋಳನ್ನು ಸ್ವಲ್ಪ ಮೇಲೆ ಸರಿಸಿ ನೋಡಿಕೊಳ್ಳಿ. ಎಂಟಾಣೆ ಕಾಸಿನಷ್ಟಗಲದ, ಸುಕ್ಕುಗಟ್ಟಿದ ಗುರುತೊಂದು ಕಾಣುತ್ತದೆ. ಸಿಡುಬು ಬಾರದಿರಲೆಂದು ಹಾಕಿದ ದಾಕಿನ ಗುರುತು ಅದು. ಮಾಗಡಿ ಕಡೆಯ ನಮ್ಮ ಹಳ್ಳಿಗೆ ದಾಕು ಹಾಕುವವರು ಬಂದರೆಂದರೆ ಮಕ್ಕಳೆಲ್ಲ ಹುಲ್ಲಿನ ಬಣವೆಯ ಹಿಂದೆ, ವಾಡೆಯ ಸಂದಿಯಲ್ಲಿ ಮಾಯವಾಗುತ್ತಿದ್ದೆವು. ನನಗೆ ಆರು ವರ್ಷವಿದ್ದಾಗ ಶಾಲೆಯಲ್ಲೇ ಹಿಡಿದು ಹಾಕಿದರು. ಉದ್ದನೆಯ ಹಿಡಿ, ತುದಿಯಲ್ಲಿ ಪುಟ್ಟ ಬಿಲ್ಲೆ, ಬಿಲ್ಲೆಯ ಸುತ್ತ ಮುಳ್ಳಿನಂಥ ಹಲ್ಲುಗಳು. ತೋಳಿನ ಮೇಲಿಟ್ಟು ಒತ್ತಿ ತಿರುಗಿಸಿದರು. ಇಂದು ನೆನೆದರೂ ಆ ಜಾಗ ಚುರುಗುಟ್ಟುತ್ತದೆ. ಆ ಸಲಕರಣೆಯಿಂದ ಮಕ್ಕಳ ತೋಳು ವಿಪರೀತ ಗಾಯವಾಗುತ್ತದೆಂದು ಅದನ್ನು ಬಿಟ್ಟು, ಕವಲೊಡೆದ ತುದಿಯ ಸಣ್ಣ ಸೂಜಿಯನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದದ್ದು 1969ರ ಸುಮಾರಿಗೆ. ನನ್ನ ಪಾಲಿಗೆ ಅದು ತಡವಾಗಿತ್ತು.

ಅದೇ ಹಳ್ಳಿಯಲ್ಲಿ, ಅದೇ ವಯಸ್ಸಿನಲ್ಲಿ, ಇನ್ನೊಂದು ಸೂಜಿಯನ್ನೂ ಕಂಡಿದ್ದೆ. ನನ್ನ ತಮ್ಮನಿಗೆ ಕಿವಿ ಚುಚ್ಚಿದ ದಿನ. ಆಚಾರಿ ಬರುವ ಮೊದಲೇ ಅಜ್ಜಿ ಜಗುಲಿಯ ಮೇಲೆ ಚಾಪೆ ಹಾಸಿದ್ದಳು. ಸೋದರಮಾವ ಚಕ್ಕಂಬಟ್ಟಲು ಹಾಕಿ ಕುಳಿತು ಮಗುವನ್ನು ತೊಡೆಯ ಮೇಲೆ ಎದೆಗಾನಿಸಿ ಕೂರಿಸಿಕೊಂಡ. ಅಜ್ಜಿ ತಮ್ಮನ ಬಾಯಿಗೆ ಬೆಲ್ಲದ ಚೂರಿಟ್ಟಳು. ಎದುರಿಗೆ ಚಿಕ್ಕಮ್ಮ ಗಿಲಕಿ ಆಡಿಸುತ್ತ "ಅಗೋ ಕಾಗೆ, ಅಗೋ ಕಾಗೆ" ಎನ್ನುತ್ತಿದ್ದಳು. ತಮ್ಮ ಕಾಗೆ ನೋಡುತ್ತಿದ್ದಾಗಲೇ ಕೆಲಸ ಮುಗಿದಿತ್ತು. ಅತ್ತ, ಆದರೆ ಎರಡನೆಯ ಚೂರು ಬೆಲ್ಲ ಬಾಯಿಗೆ ಬೀಳುವಷ್ಟರಲ್ಲಿ ಅಳು ನಿಂತಿತು.

ಮಡಿಲು, ಸಿಹಿ, ಕಾಗೆ. ಕಿವಿ ಚುಚ್ಚುವಾಗ ಇದ್ದ ಈ ಮೂರೂ ದಾಕು ಹಾಕುವಾಗ ಎಲ್ಲಿ ಹೋಗಿದ್ದವು? ಈ ಪ್ರಶ್ನೆ ನನಗೆ ಹೊಳೆದದ್ದು ತೀರ ಇತ್ತೀಚೆಗೆ. ಅಂದಿನಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಜೆನ್ನರನಿಗಿಂತ ಮೊದಲೇ ನಮ್ಮ ದೇಶದಲ್ಲಿ ಸಿಡುಬಿಗೆ ಟೀಕೆ ಹಾಕುವ ಪದ್ಧತಿಯಿತ್ತು. ಸಿಡುಬಿನ ಗುಳ್ಳೆಯ ರಸವನ್ನೇ ಚರ್ಮಕ್ಕೆ ತಾಗಿಸಿ, ಹಗುರವಾಗಿ ಕಾಯಿಲೆ ಬರಿಸಿ, ಮುಂದೆ ದೊಡ್ಡದು ಬಾರದಂತೆ ಮಾಡುವ ಕ್ರಮ. ಬಂಗಾಳದಲ್ಲಿ ಇದನ್ನು ಕಣ್ಣಾರೆ ಕಂಡ ಹಾಲ್ವೆಲ್ ಎಂಬ ಇಂಗ್ಲಿಷ್ ವೈದ್ಯ 1767ರಲ್ಲಿ ವಿವರವಾಗಿ ಬರೆದಿದ್ದಾನೆ. ಟೀಕೆ ಹಾಕುವವನು ಮೊದಲು ಒಣ ಬಟ್ಟೆಯಿಂದ ಆ ಜಾಗವನ್ನು ಎಂಟು ಹತ್ತು ನಿಮಿಷ ಉಜ್ಜುತ್ತಿದ್ದನಂತೆ. ಆಮೇಲೆ ಸಣ್ಣ ಉಪಕರಣದಿಂದ, ರಕ್ತ ಕಂಡೂ ಕಾಣದಷ್ಟು ಹಗುರವಾಗಿ ಚುಚ್ಚುತ್ತಿದ್ದನಂತೆ. ಓದುತ್ತ ನಾನು ಆ ಎಂಟು ನಿಮಿಷದಲ್ಲೇ ನಿಂತುಬಿಟ್ಟೆ. ಚುಚ್ಚುವ ಮೊದಲು ಎಂಟು ನಿಮಿಷ ಮಗುವಿನ ಮೈ ಮುಟ್ಟಿಕೊಂಡು ಕೂತಿರುತ್ತಿದ್ದ ಒಬ್ಬ ಮನುಷ್ಯ! ನನ್ನ ತೋಳಿಗೆ ಎಂಟು ಕ್ಷಣವೂ ಸಿಕ್ಕಿರಲಿಲ್ಲ.

1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ರಸದಿಂದ ಮನುಷ್ಯರನ್ನು ಕಾಪಾಡಬಹುದೆಂದು ತೋರಿಸಿದ. ಅದನ್ನು ಅವನು ಮೊದಲು ಪರೀಕ್ಷಿಸಿದ್ದು ಎಂಟು ವರ್ಷದ ಒಬ್ಬ ಹುಡುಗನ ತೋಳಿನ ಮೇಲೆ. ಆ ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ. ಶೀತಪೆಟ್ಟಿಗೆಗಳಿಲ್ಲದ ಕಾಲ. ಒಬ್ಬರ ತೋಳಿನಲ್ಲೆದ್ದ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತ, ಹೆಚ್ಚಾಗಿ ಮಕ್ಕಳ ಮೂಲಕವೇ, ಅದು ಊರಿಂದೂರಿಗೆ ಸಾಗುತ್ತಿತ್ತು. ಮುಂಬಯಿಯಲ್ಲಿ 1802ರ ಜೂನ್ 14ರಂದು ಲಸಿಕೆ ಹಾಕಿಸಿಕೊಂಡ ಮೂರು ವರ್ಷದ ಅನ್ನಾ ಡಸ್ಟ್‌ಹಾಲ್ ಎಂಬ ಹುಡುಗಿಯೇ ನಮ್ಮ ದೇಶದ ಮೊದಲಿಗಳು. ಅವಳ ತೋಳಿನಿಂದ ತೆಗೆದ ರಸವೇ ಮುಂದೆ ದೇಶದ ಬೇರೆ ಬೇರೆ ಕಡೆಗೆ ಹೋಯಿತು. ಲಸಿಕೆ ಹಾಕಿದಾಗ ಒಂದು ಚುಚ್ಚು. ಗುಳ್ಳೆ ಬಲಿತ ಮೇಲೆ ರಸ ತೆಗೆಯಲು ಇನ್ನೊಂದು. ಮಕ್ಕಳ ಹಸಿ ಗುಳ್ಳೆಯನ್ನು ಕೆದಕುವುದನ್ನು ಕಂಡು ತಾಯಂದಿರು ಬೇಡವೆಂದು ಹಠ ಹಿಡಿಯುತ್ತಿದ್ದುದೂ ಉಂಟು. ಅಧಿಕಾರಿಗಳು ಅದನ್ನು ಮೌಢ್ಯವೆಂದು ಬರೆದಿಟ್ಟರು. ಮಗುವಿನ ನೋವನ್ನು ಕಂಡು ಹಿಂಜರಿದವರೂ ಅವರಲ್ಲಿ ಇದ್ದಿರಲೇಬೇಕಲ್ಲವೇ?

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ದೊಡ್ಡ ಪಾತ್ರವಿದೆ. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಒಂದು ತೈಲಚಿತ್ರದಲ್ಲಿ ಒಡವೆ ತೊಟ್ಟ ಮೂವರು ಹೆಂಗಸರು ನಿಂತಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದೇ ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಇವರು ಮೈಸೂರಿನ ರಾಣಿಯರು, ಚಿತ್ರದ ವಿಷಯ ಲಸಿಕೆ ಎಂದು ವಾದಿಸಿದರು. ಬಲಗಡೆ ನಿಂತಿರುವಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸಾಮಾನ್ಯವಾಗಿ ಸೆರಗು ಮುಚ್ಚಬೇಕಾದ ಎಡತೋಳು ಇಲ್ಲಿ ತೆರೆದಿದೆ, ಆಕೆಯ ಬಲಗೈ ಬೆರಳು ಲಸಿಕೆ ಹಾಕಿದ ಜಾಗದತ್ತ ಹೋಗಿದೆ. ಎಡಗಡೆಯಾಕೆಯ ಮೂಗಿನ ಕೆಳಗೆ, ಬಾಯಿಯ ಸುತ್ತ ಬಣ್ಣ ಮಾಸಿದಂತಿರುವುದು ಹಳೆಯ ಪದ್ಧತಿಯ ಟೀಕೆಯ ಗುರುತೆಂದು ಅವರ ಊಹೆ. ಮಧ್ಯೆ ನಿಂತವರು ಅರಸರಿಗೆ ಅಜ್ಜಿಯ ಸ್ಥಾನದಲ್ಲಿದ್ದ ಲಕ್ಷ್ಮಮ್ಮಣ್ಣಿಯವರು, ಗಂಡನನ್ನು ಸಿಡುಬಿಗೆ ಕಳೆದುಕೊಂಡವರು ಎನ್ನುತ್ತಾರೆ ಚಾನ್ಸೆಲರ್. ಮದುವೆಗೆಂದು ಅರಮನೆಗೆ ಬಂದಾಗ ದೇವಾಜಮ್ಮಣ್ಣಿಗೆ ಹನ್ನೆರಡು ವರ್ಷ. ಆಕೆ ಲಸಿಕೆ ಹಾಕಿಸಿಕೊಂಡದ್ದನ್ನು ಕಂಡು ಜನ ತಾವೂ ಮುಂದೆ ಬಂದರೆಂದು 1806ರ ಕಂಪನಿ ದಾಖಲೆ ಹೇಳುತ್ತದೆ.

ಪುಸ್ತಕದಲ್ಲಿ ಆ ಚಿತ್ರವನ್ನು ಕಂಡಾಗ ನನ್ನ ಕಣ್ಣು ಒಡವೆಗಳ ಮೇಲೆ ಹೋಗಲಿಲ್ಲ. ಹನ್ನೆರಡರ ಹುಡುಗಿ, ಪಕ್ಕದಲ್ಲೇ ನಿಂತ ಹಿರಿಯಾಕೆ. ಜನಕ್ಕೆ ಧೈರ್ಯ ಕೊಟ್ಟದ್ದು ತೋಳು ತೋರಿಸಿದ ಎಳೆಯಳಾದರೆ, ಎಳೆಯಳಿಗೆ ಧೈರ್ಯ ಕೊಟ್ಟದ್ದು ಪಕ್ಕದಲ್ಲಿ ನಿಂತ ಅಜ್ಜಿಯೇ ಇರಬೇಕು ಎನ್ನಿಸಿತು. ಇದು ಇತಿಹಾಸವಲ್ಲ, ಒಬ್ಬ ಅಜ್ಜಿಯ ಊಹೆ.

ಈಗ ನನ್ನ ಮಗನ ಕಥೆ. 1986ರಲ್ಲಿ ನಾವು ಉಪನಗರಕ್ಕೆ ಮನೆ ಮಾಡಿ ಬಂದಾಗ ಇಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮೈಸೂರು ರಸ್ತೆಯಲ್ಲಿ ವೃಷಭಾವತಿಯ ವಾಸನೆಗೆ ಸೆರಗು ಮುಚ್ಚಿಕೊಂಡು ಬಿಟಿಎಸ್ ಬಸ್ಸಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಬರುತ್ತಿದ್ದೆವು. 1988ರಲ್ಲಿ ಮಗ ಹುಟ್ಟಿದ. ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1985ರಲ್ಲಿ. ಎಲ್ಲೆಲ್ಲೂ ಅದರದೇ ಮಾತು. ಆಗ ಗಾಜಿನ ಸಿರಿಂಜು. ಸ್ಟೀಲಿನ ಡಬ್ಬಿಯಲ್ಲಿ ಸೂಜಿಗಳನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. ಬಳಸಿದಷ್ಟೂ ಮೊನೆ ಮೊಂಡಾಗುತ್ತಿತ್ತು. ಒಮ್ಮೆ ಬಳಸಿದರೆ ತಾನಾಗಿಯೇ ಲಾಕ್ ಆಗುವ ಸಿರಿಂಜು ನಮ್ಮ ಲಸಿಕಾ ಕಾರ್ಯಕ್ರಮಕ್ಕೆ ಬಂದದ್ದು 2005ರಲ್ಲಿ.

ಮಗನಿಗೆ ಐದು ತುಂಬಿದಾಗ ಬೂಸ್ಟರ್ ಹಾಕಿಸಬೇಕಿತ್ತು. ಇಂಜೆಕ್ಷನ್ ಎಂದರೆ ಬರುವುದಿಲ್ಲವೆಂದು "ಐಸ್‌ಕ್ಯಾಂಡಿ ಕೊಡಿಸ್ತೀನಿ ಬಾ" ಎಂದು ಕರೆದುಕೊಂಡು ಹೋದೆ. ಕುಣಿಯುತ್ತ ಬಂದ. ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದಾಗ ನನ್ನ ಮುಖ ನೋಡಿದ. ಅಷ್ಟರಲ್ಲಿ ಅಲ್ಲಿದ್ದವರು "ತಾಯಂದ್ರು ಇದ್ರೆ ಮಕ್ಕಳು ಹಠ ಜಾಸ್ತಿ ಮಾಡ್ತಾರಮ್ಮ, ನೀವು ಹೊರಗಿರಿ" ಎಂದರು. ನಾನು ಮರುಮಾತಾಡದೆ ಹೊರಗೆ ಹೋದೆ. ಇಬ್ಬರು ಅವನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಕೈಕಾಲು ಅದುಮಿ ಹಿಡಿದರು. ಬಾಗಿಲಿನಾಚೆ "ಅಮ್ಮಾ" ಎಂದು ಕೂಗಿದ್ದು ಕೇಳಿಸಿತು.

ಐಸ್‌ಕ್ಯಾಂಡಿ ಕೊಡಿಸಿದೆ. ತಿನ್ನಲಿಲ್ಲ, ಕೈಯಲ್ಲೇ ಕರಗಿಹೋಯಿತು. ಮನೆ ಹತ್ತಿರ ಬಂದಾಗ ಒಂದೇ ಮಾತು ಕೇಳಿದ: "ನೀನ್ಯಾಕೆ ಹೊರಗೆ ಹೋದೆ?" ನೋವಾಯಿತೆಂದು ಅವನು ದೂರಲಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ.

ಅದು ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಕೊರೋನಾ ಲಸಿಕೆಯ ಸಾಲಿನಿಂದ ಅವನು ಎರಡು ಸಲ ವಾಪಸ್ಸು ಬಂದ. ಮೂರನೆಯ ಸಲ ಹೆಂಡತಿಯ ಕೈ ಹಿಡಿದು ಕಣ್ಣು ಮುಚ್ಚಿ ಹಾಕಿಸಿಕೊಂಡ. ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆಯಿದೆ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸು ಎಂದರೆ ಇಂದಿಗೂ ಮುಂದೂಡುತ್ತಾನೆ. ಮಕ್ಕಳ ಅಳು ಎರಡು ನಿಮಿಷದ್ದು ಎಂದುಕೊಳ್ಳುತ್ತೇವೆ. ಹೆದರಿಕೆ ಮೂವತ್ತು ವರ್ಷ ಬಾಳುತ್ತದೆ.

ಅಂದು ನನ್ನನ್ನು ಹೊರಗೆ ಕಳಿಸಿದವರು ಕೆಟ್ಟವರೇನಲ್ಲ. ಆ ಕಾಲದ ವೈದ್ಯಶಾಸ್ತ್ರವೇ ಮಕ್ಕಳ ನೋವನ್ನು ಗಣನೆಗೆ ತಂದುಕೊಂಡಿರಲಿಲ್ಲ. 1941ರಲ್ಲಿ ಮಿರ್ಟಲ್ ಮೆಕ್‌ಗ್ರಾ ಎಂಬ ಅಮೆರಿಕದ ವಿಜ್ಞಾನಿ ಶಿಶುಗಳಿಗೆ ಗುಂಡುಸೂಜಿ ತಾಗಿಸಿ ಅವು ಹೇಗೆ ವರ್ತಿಸುತ್ತವೆಂದು ದಾಖಲಿಸಿದರು. ಹಸುಗೂಸಿಗೆ ನೋವಿನ ಅರಿವು ಅಷ್ಟಾಗಿ ಇರದೆಂಬ ನಂಬಿಕೆಗೆ ಇಂಥ ಬರಹಗಳು ಬಲ ಕೊಟ್ಟವು. ನರಗಳು ಇನ್ನೂ ಬಲಿತಿಲ್ಲ, ನೆನಪು ಉಳಿಯುವುದಿಲ್ಲ ಎಂಬ ವಾದ ಬೇರೆ. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ನವಜಾತ ಶಿಶುಗಳಿಗೆ ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತೆಂದರೆ ನೀವು ನಂಬಲಾರಿರಿ. ಯಾವ ಬಾಣಂತಿಯನ್ನು ಕೇಳಿದ್ದರೂ ಸಾಕಿತ್ತು, ಮಗುವಿಗೆ ನೋವಾಗುತ್ತದೆಯೋ ಇಲ್ಲವೋ ಹೇಳುತ್ತಿದ್ದಳು!

ಆ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಮುಖ್ಯರು ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್. ಇಂಗ್ಲೆಂಡಿನಲ್ಲಿ ಅವರು ಮತ್ತು ಸಂಗಡಿಗರು ದಿನ ತುಂಬದೆ ಹುಟ್ಟಿದ ಮಕ್ಕಳ ಶಸ್ತ್ರಚಿಕಿತ್ಸೆಯನ್ನು ಅಭ್ಯಸಿಸಿದರು. ನೋವು ಶಮನದ ಔಷಧಿ ಪಡೆದ ಮಕ್ಕಳ ಮೈ ಕಡಿಮೆ ತತ್ತರಿಸುತ್ತದೆ, ಚೇತರಿಕೆಯೂ ಚೆನ್ನಾಗಿರುತ್ತದೆ ಎಂದು 1987ರಲ್ಲಿ ಪ್ರಕಟಿಸಿದರು. ನನ್ನ ಮಗ ಹುಟ್ಟುವ ಹಿಂದಿನ ವರ್ಷ. ಆ ಸುದ್ದಿ ನಮ್ಮ ಬೀದಿಗಳವರೆಗೆ ಬರಲು ದಶಕಗಳೇ ಬೇಕಾದವು.

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲಸಿಕೆಯ ನೋವನ್ನು ತಗ್ಗಿಸುವ ಬಗ್ಗೆಯೇ ಒಂದು ಸಲಹಾಪತ್ರ ಹೊರಡಿಸಿತು. ಓದಿದರೆ ನಮ್ಮಜ್ಜಿಯ ಜಗುಲಿಯೇ ಕಣ್ಮುಂದೆ ಬರುತ್ತದೆ. ಮಗುವನ್ನು ಅಂಗಾತ ಮಲಗಿಸಿ ಅದುಮಬಾರದು. ತಾಯಿಯೋ ಮನೆಯವರೋ ತೊಡೆಯ ಮೇಲಿಟ್ಟುಕೊಂಡು ತಬ್ಬಿ ಹಿಡಿಯಬೇಕು. ಆರಂಭದಿಂದ ಕೊನೆಯವರೆಗೂ ಅವರು ಜೊತೆಗಿರಬೇಕು. ಎದೆಹಾಲಿನ ಮಗುವಾದರೆ ಚುಚ್ಚುವಾಗ, ಇಲ್ಲವೇ ಚುಚ್ಚುವುದಕ್ಕೆ ಸ್ವಲ್ಪ ಮೊದಲು ಹಾಲೂಡಿಸಬೇಕು. ಸೂಜಿ ಚುಚ್ಚಿದ ಮೇಲೆ ರಕ್ತ ಬರುತ್ತದೆಯೇ ಎಂದು ಪಿಸ್ಟನ್ ಹಿಂದಕ್ಕೆಳೆದು ನೋಡುವ ಹಳೆಯ ರೂಢಿ ಬೇಕಿಲ್ಲ. ಅದರಿಂದ ಸೂಜಿ ಒಳಗಿರುವ ಹೊತ್ತು ಹೆಚ್ಚುತ್ತದೆ. ಒಂದಕ್ಕಿಂತ ಹೆಚ್ಚು ಇಂಜೆಕ್ಷನ್ನುಗಳಿದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಬೇಕು. ಆರು ವರ್ಷದೊಳಗಿನ ಮಕ್ಕಳ ಗಮನವನ್ನು ಆಟಿಕೆ, ಹಾಡು, ಚಿತ್ರಗಳತ್ತ ಸೆಳೆಯಬೇಕು. "ಏನೂ ನೋವಾಗಲ್ಲ" ಎಂಬ ಸುಳ್ಳು ಬೇಡ, "ಈಗ ಕುಯ್ಯೋ ಅನ್ನುತ್ತೆ" ಎಂಬ ಹೆದರಿಕೆಯೂ ಬೇಡ. ಚುಚ್ಚುವ ಮೊದಲೇ ಜ್ವರದ ಔಷಧಿ ಕುಡಿಸಿದರೆ ಚುಚ್ಚಿನ ನೋವು ತಗ್ಗದು ಎಂಬುದನ್ನೂ ಅದು ಹೇಳುತ್ತದೆ. ಹಾಗೆಂದು ಅಜ್ಜಿಯದೆಲ್ಲವೂ ಸರಿಯೆಂದಲ್ಲ. ಎಳೆಗೂಸಿನ ಬಾಯಿಗೆ ಬೆಲ್ಲ ಬೇಡ. ವರ್ಷ ತುಂಬದ ಮಗುವಿಗೆ ಜೇನುತುಪ್ಪವಂತೂ ಅಪಾಯಕಾರಿ. ಆ ವಯಸ್ಸಿಗೆ ಸಿಹಿ ಎಂದರೆ ತಾಯಿಯ ಹಾಲೇ.

ಇಷ್ಟನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಅಂದು ಅಂಗನವಾಡಿಯ ಒಳಗೆ ಹೋದೆ. ಆರನೆಯ ವಾರಕ್ಕೆ ಬಾಯಿಗೆ ಹನಿಗಳ ಜೊತೆಗೆ ಮೂರು ಚುಚ್ಚು. ಸಿಸ್ಟರ್ ಮುಂದೆ ಉದ್ದ ಸಾಲಿತ್ತು. ಬೆಳಿಗ್ಗೆಯಿಂದ ಅಳು ಕೇಳಿ ಕೇಳಿ ಆಕೆಯ ಮುಖ ಬಾಡಿತ್ತು. ನಮ್ಮ ಸರದಿ ಬಂದಾಗ "ಮಲಗಿಸಮ್ಮ" ಎಂದರು. ಗಂಟಲು ಒಣಗಿತು. 1993ರಲ್ಲಿ ಆಡದ ಮಾತನ್ನು ಈಗ ಆಡಬೇಕಿತ್ತು.

"ಸಿಸ್ಟರ್, ನಮ್ಮ ಹುಡುಗಿ ಹಾಲು ಕುಡಿಸ್ತಾ ಮಡಿಲಲ್ಲೇ ಹಿಡ್ಕೋತಾಳೆ. ನಿಮಗೆ ತೊಂದರೆ ಇಲ್ಲಾಂದ್ರೆ ಹಾಗೇ ಹಾಕ್ತೀರಾ?"

ಆಕೆ ನನ್ನನ್ನು ನೋಡಿದರು. ಗದರುತ್ತಾರೆಂದುಕೊಂಡೆ. "ತೊಂದರೆ ಏನಿಲ್ಲಮ್ಮ. ಕಾಲು ಮಾತ್ರ ಅಲ್ಲಾಡ್ದಂಗೆ ಹಿಡ್ಕೊಳ್ಳಿ. ಕೇಳೋರೇ ಇಲ್ಲ, ಎಲ್ರೂ ಮಗೂನ ನನ್ನ ಕೈಗೆ ಕೊಟ್ಟು ಆ ಕಡೆ ತಿರುಗ್ತಾರೆ" ಎಂದರು.

ಸೊಸೆ ಕುರ್ಚಿಯಲ್ಲಿ ಕುಳಿತಳು. ನಾನು ಸೀರೆಯ ತುಂಡನ್ನು ಮರೆ ಹಿಡಿದೆ. ಮಗು ಚೆನ್ನಾಗಿ ಚೀಪತೊಡಗುವವರೆಗೂ ಸಿಸ್ಟರ್ ಕಾದರು. ಆ ಹೊತ್ತಿನಲ್ಲೇ ತಾಯಿ ಕಾರ್ಡು ಬರೆದು ಮುಗಿಸಿದರು. ಮೊದಲ ಚುಚ್ಚಿಗೆ ಬಾಯಿ ಬಿಟ್ಟು ಅತ್ತಿತು, ಮತ್ತೆ ಹಾಲಿಗೆ ಬಾಯಿ ಹಾಕಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಜೋರಾಗಿಯೇ ಅತ್ತಿತು. ಪವಾಡವೇನೂ ನಡೆಯಲಿಲ್ಲ. ಆದರೆ ಅಂಗನವಾಡಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಸಮಾಧಾನವಾಗಿತ್ತು. ನಮ್ಮ ಹಿಂದೆ ನಿಂತಿದ್ದ ಎಳೆ ಬಾಣಂತಿ "ನಾನೂ ಹಂಗೇ ಹಿಡ್ಕೊಳ್ಲಾ ಸಿಸ್ಟರ್?" ಎಂದು ಕೇಳಿದ್ದು ಕಿವಿಗೆ ಬಿತ್ತು.

ಹೊರಗೆ ಮಗ ಗೇಟು ಹಿಡಿದು ನಿಂತಿದ್ದ. "ಬೇಗ ಸುಮ್ಮನಾದ್ಲಲ್ಲ?" ಎಂದ. ಸೊಸೆ ಎಲ್ಲ ಹೇಳಿದಳು. ಅವನು ಮಾತಾಡಲಿಲ್ಲ. ಆ ರಾತ್ರಿ ಊಟವಾದ ಮೇಲೆ ನಾನೇ ಮಾತು ತೆಗೆದೆ. ಐಸ್‌ಕ್ಯಾಂಡಿಯ ದಿನ ನೆನಪಿದೆಯಾ ಎಂದೆ. "ಇದೆ" ಎಂದ. "ಹೊರಗೆ ಹೋಗಬಾರದಾಗಿತ್ತು, ಸುಳ್ಳೂ ಹೇಳಬಾರದಾಗಿತ್ತು. ತಪ್ಪಾಯ್ತಪ್ಪ" ಎಂದೆ. ಮಕ್ಕಳೆದುರು ಈ ಮಾತಾಡುವುದು ನಮ್ಮ ಪೀಳಿಗೆಗೆ ರೂಢಿಯಿಲ್ಲ. ಅವನು "ಬಿಡಮ್ಮ, ನಿಂಗೂ ಗೊತ್ತಿರ್ಲಿಲ್ಲ" ಎಂದು ಎದ್ದು ಹೋಗಿ ಮಗುವಿನ ತೊಟ್ಟಿಲು ತೂಗಿದ.

ಹತ್ತನೆಯ ವಾರದ ಗುರುವಾರ ಒಂದೇ ಚುಚ್ಚು. ಅಂಗನವಾಡಿಯ ಗೇಟಿನ ಹತ್ತಿರ ಮಗ ಒಂದು ಗಳಿಗೆ ನಿಂತ. ಆಮೇಲೆ ಸೊಸೆಯ ಕೈಯಿಂದ ಮಗುವನ್ನು ತಾನೇ ತೆಗೆದುಕೊಂಡ.

"ಅಮ್ಮ, ಒಳಗೆ ಜಾಗ ಇಲ್ಲ. ಇವತ್ತು ನೀನು ಹೊರಗೆ ಕೂತ್ಕೋ" ಎಂದ.

ಕಟ್ಟೆಯ ಮೇಲೆ ಕುಳಿತೆ. ಒಳಗೆ ಮೊಮ್ಮಗಳು ಕಿರುಚಿದಳು. ಅದರ ಹಿಂದೆಯೇ ನನ್ನ ಮಗನ ದನಿ, ಸ್ವಲ್ಪ ನಡುಗುತ್ತ, "ಅಗೋ ಕಾಗೆ, ಅಗೋ ಕಾಗೆ" ಎನ್ನುತ್ತಿತ್ತು.